ಮತದಾರರ ಯಾದಿಯೂ ಅಂಗವಿಕಲರೂ

ಚುನಾವಣೆಯೆಂದೊಡನೆ ನಮಗೆ ನೆನಪಾಗುವುದು ಮತಗಟ್ಟೆಯ ಮುಂದಿನ ಸಾಲು. ಆ ಸಾಲಿನಲ್ಲಿ ನಿಲ್ಲುವ ಮೊದಲು ಯಾದಿಯಲ್ಲಿ ಹೆಸರಿರಬೇಕಷ್ಟೆ. ನಮ್ಮ ಹೆಗಡೆಕಟ್ಟಾದ ಕಡೆಯಲ್ಲಿ ಅಂಗವಿಕಲರು ಹಿಂದುಳಿಯುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಮನೆಗಳು ಚದುರಿಕೊಂಡಿವೆ. ತೋಟದ ತಲೆಯಲ್ಲೊಂದು, ಗುಡ್ಡದ ಓರೆಯಲ್ಲೊಂದು. ದಣಪೆ ದಾಟಿ, ಕಾಲುಸಂಕದ ಮೇಲೆ ನಡೆದು, ಏರು ಹತ್ತಿ ಶಾಲೆಯನ್ನು ಮುಟ್ಟುವುದು ಗಟ್ಟಿಕಾಲಿನವರಿಗೂ ಪ್ರಯಾಸವೇ. ಆದ್ದರಿಂದ ಹೆಸರು ಬರೆದುಕೊಳ್ಳುವವರು ಬಂದಾಗ, “ಅವನೆಲ್ಲಿ ಬರುತ್ತಾನೆ, ಬಿಡಿ” ಎಂದು ಮನೆಯ ಹಿರಿಯರೇ ಹೇಳಿಬಿಡುವುದುಂಟು. ಇದು ದ್ವೇಷದ ಮಾತಲ್ಲ, ಕನಿಕರದ್ದೇ. ಆದರೂ ಹೆಸರು ಹೋಯಿತು. 1951-52ರ ಮೊದಲ ಮಹಾಚುನಾವಣೆಯ ಕಾಲಕ್ಕೆ ಉತ್ತರ ಭಾರತದ ಅನೇಕ ಸ್ತ್ರೀಯರು ಸ್ವಂತ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದರು. ಮರೆಯಲ್ಲಿದ್ದವರು ಲೆಕ್ಕದಿಂದಲೂ ಮರೆಯಾಗುವ ಬಗೆ ಅಂದಿಗೂ ಇಂದಿಗೂ ಒಂದೇ.

ಸಂವಿಧಾನದ 326ನೆಯ ವಿಧಿಯು 18 ವರ್ಷ ತುಂಬಿದ ನಾಗರಿಕನಿಗೆ ಈ ಹಕ್ಕನ್ನು ಕೊಡುವಾಗ ಕೈಕಾಲುಗಳ ಮಾತನ್ನೆತ್ತಿಲ್ಲ. ಬುದ್ಧಿಮಾಂದ್ಯವಿದ್ದವರಿಗೆ ಮತವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಬುದ್ಧಿಸ್ಥಿಮಿತವಿಲ್ಲವೆಂದು ನ್ಯಾಯಾಲಯವು ಘೋಷಿಸಿದ್ದರೆ ಮಾತ್ರ ಹೆಸರು ಸೇರದು. ಊರವರ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಮತಗಟ್ಟೆಗೆ ಹೋಗಬಲ್ಲವರಿಗೆ ಅನುಕೂಲಗಳುಂಟು. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಕುರುಡರೂ ಅಶಕ್ತರೂ 18 ವರ್ಷ ಮೀರಿದ ಒಬ್ಬ ಸಂಗಡಿಗನನ್ನು ಕರೆದೊಯ್ಯಬಹುದು. ಆತನು ಆ ದಿನ ಇನ್ನೊಬ್ಬರಿಗೆ ಸಂಗಡಿಗನಾಗುವಂತಿಲ್ಲ, ಮತದ ಗುಟ್ಟನ್ನು ಕಾಯುವೆನೆಂದು ಬರೆದುಕೊಡಬೇಕು. ಮತಗಟ್ಟೆಗಳಿಗೆ ಇಳಿಜಾರು ಕಟ್ಟಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಆದೇಶಿಸಿತು. ಆದರೆ ನಮ್ಮ ಅಂಗಳದಿಂದ ರಸ್ತೆಯವರೆಗಿನ ದಾರಿಗೆ ಯಾವ ಕೋರ್ಟು ಇಳಿಜಾರು ಕಟ್ಟಿಸೀತು?

ಆದುದರಿಂದಲೇ ಮನೆಯಿಂದ ಮತದಾನವೆಂಬ ಏರ್ಪಾಡು ನಮ್ಮ ಸೀಮೆಗೆ ಬಹಳ ಒಪ್ಪುವಂಥದು. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಅದು ಮೊದಲು ಬಂದದ್ದು 2023ರಲ್ಲಿ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯ ಪ್ರಮಾಣಪತ್ರವುಳ್ಳವರು, ಚುನಾವಣೆಯ ಅಧಿಸೂಚನೆಯಾದ 5 ದಿನಗಳೊಳಗೆ 12-ಡಿ ನಮೂನೆಯನ್ನು ತುಂಬಿ ಕೊಟ್ಟರೆ, ಅಧಿಕಾರಿಗಳೇ ಮತಪತ್ರದೊಡನೆ ಮನೆಗೆ ಬರುವರು. ಮೊದಲ ಸಲ ಸಿಕ್ಕದಿದ್ದರೆ ಇನ್ನೊಮ್ಮೆ ಬರುವರು. ಹಾಗೆ ಒಪ್ಪಿಗೆಯಾದವರು ಮತ್ತೆ ಮತಗಟ್ಟೆಯಲ್ಲಿ ಮತ ಹಾಕುವಂತಿಲ್ಲ.

ಯಾದಿಯಲ್ಲಿ ಹೆಸರಿಲ್ಲದವರಿಗೆ ಇದೊಂದೂ ದಕ್ಕದು. ಹೊಸದಾಗಿ ಸೇರುವವರಿಗೆ 6ನೆಯ ನಮೂನೆ. ಮೊದಲೇ ಹೆಸರಿದ್ದು ಅಂಗವಿಕಲರೆಂಬ ಗುರುತು ಬಿದ್ದಿಲ್ಲದವರಿಗೆ 8ನೆಯದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಗಳ ಮೊದಲ ದಿನಾಂಕಗಳಿಗೆ 18 ತುಂಬುವವರೆಲ್ಲ ಅರ್ಜಿ ಹಾಕಬಹುದು, ವರ್ಷವಿಡೀ ಕಾಯಬೇಕಿಲ್ಲ. ರಜೆಗೆ ಊರಿಗೆ ಹೋಗುವ ಮಿತ್ರರು ಮತಗಟ್ಟೆ ಅಧಿಕಾರಿಯಿಂದ ಎರಡು ನಮೂನೆಗಳನ್ನೂ ಕೇಳಿ ತರಬಹುದು. ತುಂಬುವಾಗ, ಮನೆಯವರನ್ನಲ್ಲ, ಆ ವ್ಯಕ್ತಿಯನ್ನೇ ಕೇಳಿ ಬರೆಯಿರಿ. ಅಂಗವಿಕಲತೆಯ ಅಂಕಣವನ್ನು ಸಂಕೋಚದಿಂದ ಖಾಲಿ ಬಿಡುವವರೇ ಹೆಚ್ಚು. ಅದನ್ನು ಬಿಟ್ಟರೆ ಚುನಾವಣೆಯ ಹೊತ್ತಿಗೆ 12-ಡಿ ಹಿಡಿದು ಯಾರ ಮನೆಗೆ ಹೋಗಬೇಕೆಂಬುದು ಅಧಿಕಾರಿಗೂ ತಿಳಿಯದು.