ಬಿಸಿಯಿದ್ದರೂ ಬಟ್ಟೆ ಒದ್ದೆ: ಡ್ರೈಯರ್ ತಕರಾರುಗಳು

ಡ್ರಮ್ಮು ತಿರುಗುತ್ತದೆ, ಬಾಗಿಲು ತೆರೆದರೆ ಮುಖಕ್ಕೆ ಬಿಸಿ ಹೊಡೆಯುತ್ತದೆ, ಆದರೂ ಒಂದೂವರೆ ಗಂಟೆಯ ಮೇಲೂ ಜೀನ್ಸಿನ ಸೊಂಟಪಟ್ಟಿ ಹಸಿಯಾಗಿಯೇ ಇರುತ್ತದೆ. ಬಟ್ಟೆ ಒಣಗಿಸುವ ಯಂತ್ರದ ಬಗ್ಗೆ ತೀರ ಸಾಮಾನ್ಯವಾದ ದೂರು ಇದು. ಮನೆಯವರ ಅನುಮಾನ ಮೊದಲು ಹೀಟರಿನ ಮೇಲೆ ಹೋಗುತ್ತದೆ. ಹೀಟರ್ ಸುಟ್ಟಿದ್ದರೆ ಬಿಸಿಯೇ ಬರುತ್ತಿರಲಿಲ್ಲವಲ್ಲ! ಇಲ್ಲಿ ಕಟ್ಟಿಕೊಂಡಿರುವುದು ಗಾಳಿಯ ದಾರಿ.

ಮಲೆನಾಡಿನ ಮಳೆಯಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿ ಎಷ್ಟೇ ಉರಿದರೂ ಆವಿ ಹೆಂಚಿನ ಸಂದಿಯಿಂದ ಹೊರಬೀಳದಿದ್ದರೆ ಬಟ್ಟೆ ಬೆಚ್ಚಗಾಗುತ್ತದೆಯೇ ಹೊರತು ಒಣಗುವುದಿಲ್ಲ. ಡ್ರೈಯರಿನಲ್ಲೂ ಹಾಗೆಯೇ. ಹೀಟರ್ ನೀರನ್ನು ಆವಿ ಮಾಡುತ್ತದೆ, ಫ್ಯಾನು ಆ ಆವಿಯನ್ನು ಹೊರಗೆ ಸಾಗಿಸುತ್ತದೆ. ಎರಡನೆಯದು ಸೋತರೆ ಮೊದಲನೆಯದು ಎಷ್ಟು ದುಡಿದರೂ ದಂಡ.

ಹಾಗಾಗಿ ತಪಾಸಣೆ ಫಿಲ್ಟರಿನಿಂದ ಶುರುವಾಗಲಿ. ಬಟ್ಟೆಯಿಂದ ಉದುರುವ ಜುಂಗು ಬಂದು ಸೇರುವುದು ಇಲ್ಲಿ. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಇದನ್ನು ಒರೆಸಲೇಬೇಕು. ಕಣ್ಣಿಗೆ ಶುಚಿಯಾಗಿ ಕಂಡರೂ ನಂಬಬೇಡಿ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸಾಫ್ಟ್‌ನರ್, ಸುವಾಸನೆಯ ಹಾಳೆಗಳು ಜಾಲರಿಯ ಮೇಲೆ ಕಾಣದ ಜಿಡ್ಡಿನ ಪದರ ಕಟ್ಟುತ್ತವೆ. ನಲ್ಲಿಯ ಕೆಳಗೆ ಹಿಡಿದು ನೋಡಿ: ನೀರು ಸರಾಗವಾಗಿ ಇಳಿದರೆ ಸರಿ, ಮೇಲೆಯೇ ನಿಂತರೆ ಗಾಳಿಯೂ ಅಲ್ಲಿ ಹಾಗೆಯೇ ನಿಲ್ಲುತ್ತದೆ. ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಪೂರ್ತಿ ಒಣಗಿಸಿಯೇ ಮತ್ತೆ ಕೂರಿಸಬೇಕು.

ಮುಂದಿನದು ಯಂತ್ರದ ಜಾತಿಯ ಮೇಲೆ ನಿಂತಿದೆ. ಪೈಪಿನ ಮೂಲಕ ಹಸಿಗಾಳಿಯನ್ನು ಹೊರಗೆ ಬಿಡುವ ಡ್ರೈಯರಾದರೆ ಆ ಪೈಪನ್ನು ಬಿಚ್ಚಿ ನೋಡಬೇಕು. ಗೋಡೆಗೆ ಒತ್ತಿ ಇಟ್ಟ ಯಂತ್ರದ ಹಿಂದೆ ಪೈಪು ಮಡಚಿಕೊಂಡಿರುತ್ತದೆ, ಇಲ್ಲವೇ ಸುಕ್ಕುಸುಕ್ಕಾದ ಫಾಯಿಲ್ ಪೈಪಿನ ಮಡಿಕೆಗಳಲ್ಲಿ ಜುಂಗು ಕೂತಿರುತ್ತದೆ. ಪೈಪು ಗಿಡ್ಡವಾಗಿದ್ದಷ್ಟೂ, ತಿರುವು ಕಡಿಮೆಯಾದಷ್ಟೂ ಒಳ್ಳೆಯದು. ಅಮೆರಿಕದಲ್ಲಿರುವ ನಮ್ಮವರು ಹೊರಗೋಡೆಯ ಮುಚ್ಚಳವನ್ನೂ ನೋಡಬೇಕು, ಅಲ್ಲಿ ಹಕ್ಕಿ ಗೂಡು ಕಟ್ಟುವುದುಂಟು. ನಮ್ಮ ಫ್ಲ್ಯಾಟುಗಳ ಯಡವಟ್ಟು ಬೇರೆ: ಪೈಪನ್ನು ಕಿಟಕಿಯಿಂದಾಚೆ ಬಿಡದೆ ಯುಟಿಲಿಟಿಯೊಳಗೇ ಬಿಟ್ಟಿರುತ್ತಾರೆ. ಹೊರಬಂದ ಹಸಿಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆದುಕೊಳ್ಳುತ್ತದೆ. ಮಂಗಳೂರಿನ ಆಷಾಢದಲ್ಲಂತೂ ಹೊರಗಿನ ಗಾಳಿಯೇ ಅರ್ಧ ನೀರು, ಮೇಲೆ ಇದೊಂದು.

ಕಂಡೆನ್ಸರ್ ಮತ್ತು ಹೀಟ್ ಪಂಪ್ ಡ್ರೈಯರುಗಳಿಗೆ ಹೊರಗಿನ ಪೈಪು ಬೇಡ. ಆವಿಯನ್ನು ಒಳಗೇ ತಣಿಸಿ ನೀರಾಗಿಸಿ ತೊಟ್ಟಿಗೆ ತುಂಬುತ್ತವೆ. ತೊಟ್ಟಿ ತುಂಬಿದರೆ ದೀಪ ಹೊತ್ತಿ ಯಂತ್ರ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ನೀರು ಚೆಲ್ಲಿ ಎಂಬ ಕೂಗು. (ಆ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಲ್ಲ ಎಂದು ಯೋಚಿಸುವವರಿಗೆ: ಬೇಡ, ಅದರಲ್ಲಿ ಜುಂಗೂ ಸೋಪಿನ ಅಂಶವೂ ಇರುತ್ತದೆ.) ಕೆಳಭಾಗದ ಚಿಕ್ಕ ಬಾಗಿಲ ಹಿಂದಿರುವ ಕಂಡೆನ್ಸರನ್ನೋ ಸ್ಪಂಜಿನ ಫಿಲ್ಟರನ್ನೋ ಕೊಂಡಾಗಿನಿಂದ ತೆರೆದೇ ನೋಡದ ಮನೆಗಳು ಬಹಳ. ಹೀಟ್ ಪಂಪ್ ಯಂತ್ರ ಕಡಿಮೆ ಶಾಖದಲ್ಲಿ ನಿಧಾನವಾಗಿ ಒಣಗಿಸುತ್ತದೆ. ಹಳೆಯ ಡ್ರೈಯರಿನಷ್ಟು ಬಿಸಿಯಿಲ್ಲ ಎಂಬುದು ತಕರಾರಾಗಲಾರದು. ಕರೆಂಟು ಉಳಿಯುವುದು ಅದರಿಂದಲೇ.

ಒಗೆಯುವುದೂ ಒಣಗಿಸುವುದೂ ಒಂದೇ ಯಂತ್ರದಲ್ಲಿ ಆಗುವ ವಾಷರ್-ಡ್ರೈಯರಿನದು ಇನ್ನೊಂದು ಕಥೆ. ಎಂಟು ಕಿಲೋ ಎಂದು ಬರೆದಿರುವುದು ಒಗೆಯುವ ಲೆಕ್ಕ, ಒಣಗಿಸುವ ಲೆಕ್ಕ ಅದಕ್ಕಿಂತ ಎಷ್ಟೋ ಕಡಿಮೆ. ಒಗೆದದ್ದರಲ್ಲಿ ಸ್ವಲ್ಪ ಹೊರತೆಗೆಯದೆ ಹಾಗೇ ಬಿಟ್ಟರೆ ಬಟ್ಟೆ ಉಂಡೆಯಾಗಿ ಸುತ್ತಿಕೊಂಡು ನಡುವೆ ಹಸಿ ಉಳಿಯುತ್ತದೆ. ಇಂಥ ಹಲವು ಮಾದರಿಗಳು ಆವಿಯನ್ನು ತಣಿಸಲು ನಲ್ಲಿಯ ತಣ್ಣೀರನ್ನೇ ಬಳಸುತ್ತವೆ. ಒಗೆದಾಯಿತಲ್ಲ ಎಂದು ನಲ್ಲಿ ತಿರುಗಿಸಿ ಮುಚ್ಚಿದರೆ ಒಣಗಿಸುವ ಕೆಲಸವೂ ಕೆಡುತ್ತದೆ.

ಹಿಂಡುವುದನ್ನು ಮರೆತು ಡ್ರೈಯರನ್ನು ಬೈಯುವವರೂ ಇದ್ದಾರೆ. 2000 ವಾಟ್‌ನ ಹೀಟರ್ ಒಂದು ಲೀಟರ್ ನೀರನ್ನು ಆವಿ ಮಾಡಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಸುಮಾರು 20 ನಿಮಿಷ ಬೇಕು. ಯೂನಿಟ್ಟಿನ ಮೂರನೇ ಎರಡು ಭಾಗ ಖರ್ಚು. ಅದೇ ಲೀಟರನ್ನು ವಾಷಿಂಗ್ ಮೆಷಿನ್ನಿನ ಸ್ಪಿನ್ ಇದರ ಒಂದು ಸಣ್ಣ ಪಾಲಿನ ಕರೆಂಟಿನಲ್ಲಿ ಹಿಂಡಿಬಿಡುತ್ತದೆ. ದಪ್ಪ ಟವೆಲು, ಬೆಡ್‌ಶೀಟುಗಳಿಗೆ ಹೆಚ್ಚಿನ ವೇಗದ ಸ್ಪಿನ್ ಇಟ್ಟರೆ ಡ್ರೈಯರಿನ ಅರ್ಧ ತಲೆನೋವು ಕಳೆಯಿತು.

ಎಷ್ಟು ಹೊತ್ತು ಓಡಿದರೂ ಒಣಗದು ಎಂಬುದಕ್ಕೆ ತದ್ವಿರುದ್ಧ ದೂರು, ಒಣಗುವ ಮೊದಲೇ ಯಂತ್ರ ತಾನಾಗಿ ನಿಲ್ಲುವುದು. ಡ್ರಮ್ಮಿನೊಳಗೆ ಎರಡು ಲೋಹದ ಪಟ್ಟಿಗಳಿರುತ್ತವೆ. ಒದ್ದೆ ಬಟ್ಟೆ ಎರಡನ್ನೂ ಒಟ್ಟಿಗೆ ಮುಟ್ಟಿದಾಗ ಸಣ್ಣ ವಿದ್ಯುತ್ತು ಹರಿದು, ಹಸಿ ಇನ್ನೂ ಇದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಪಟ್ಟಿಯ ಮೇಲೆ ಸಾಫ್ಟ್‌ನರಿನ ಜಿಡ್ಡು ಕೂತರೆ, ಅಥವಾ ಎರಡೇ ಅಂಗಿ ಹಾಕಿದ್ದರಿಂದ ಬಟ್ಟೆ ಪಟ್ಟಿಗೆ ತಾಕದಿದ್ದರೆ, ಎಲ್ಲ ಒಣಗಿತು ಎಂದೇ ಅದು ತಿಳಿಯುತ್ತದೆ. ಬಟ್ಟೆಯ ತುಂಡಿಗೆ ವಿನೆಗರ್ ಹಚ್ಚಿ ಪಟ್ಟಿಗಳನ್ನು ಒರೆಸಿ.

ಡ್ರಮ್ಮು ತಿರುಗಿದರೂ ಬಿಸಿಯೇ ಇಲ್ಲವೆ? ಅಮೆರಿಕದ ವಿದ್ಯುತ್ ಡ್ರೈಯರಾದರೆ ಮೊದಲು ಬ್ರೇಕರ್ ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಿ ನೋಡಿ. ಅಲ್ಲಿ ಹೀಟರಿಗೆ 240 ವೋಲ್ಟು, ಮೋಟರಿಗೆ 120 ಸಾಕು. ಎರಡು ಲೈನಿನಲ್ಲಿ ಒಂದು ಹೋದರೆ ಮೋಟರ್ ಮಾತ್ರ ಓಡುತ್ತದೆ. ನಮ್ಮಲ್ಲಿ ಹೀಟರಿರುವ ಡ್ರೈಯರಿಗೆ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಸಲ್ಲದು. ಕರೆಂಟು ಸರಿಯಿದ್ದೂ ಬಿಸಿಯಿಲ್ಲದಿದ್ದರೆ ಥರ್ಮಲ್ ಫ್ಯೂಸ್ ಹಾರಿರಬಹುದು. ಒಳಗಿನ ಶಾಖ ಮಿತಿ ಮೀರಿದಾಗ ತಾನು ಸತ್ತು ಯಂತ್ರವನ್ನು ಉಳಿಸುವ ಚಿಕ್ಕ ಭಾಗ ಅದು. ಅದನ್ನು ತಪ್ಪಿಸಿ ವೈರನ್ನು ನೇರ ಜೋಡಿಸಿಕೊಡುವ ಮೆಕ್ಯಾನಿಕ್ಕನ್ನು ಅಲ್ಲಿಂದಲೇ ಕಳಿಸಿಬಿಡಿ. ಹೊಸ ಫ್ಯೂಸ್ ಹಾಕಿದವರನ್ನೂ ಒಂದು ಮಾತು ಕೇಳಬೇಕು: ಶಾಖ ಯಾಕೆ ಏರಿತು? ಬಹಳ ಸಲ ಉತ್ತರ ಮತ್ತೆ ಆ ಕಟ್ಟಿದ ಪೈಪೇ.

ಸದ್ದಿನ ವಿಷಯ ಚಿಕ್ಕದು. ಟಣಟಣ ಎಂದರೆ ನಾಣ್ಯ, ಗುಂಡಿ. ಕಿರುಗುಟ್ಟಿದರೆ ಬೆಲ್ಟಿನ ರಾಟೆ. ದಬದಬ ಎಂದರೆ ಡ್ರಮ್ಮನ್ನು ಹೊರುವ ಗಾಲಿಗಳು ಸವೆದಿವೆ. ಕೊನೆಯ ಎರಡು ಮೆಕ್ಯಾನಿಕ್ಕಿನ ಕೆಲಸ.

ಜುಂಗು ಬಲು ಬೇಗ ಹೊತ್ತಿಕೊಳ್ಳುವ ವಸ್ತು. 2008ರಿಂದ 2010ರ ನಡುವೆ ಅಮೆರಿಕದ ಮನೆಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡಗಳಾದವು. ಶುಚಿ ಮಾಡದಿದ್ದದ್ದೇ ಅವುಗಳ ಮುಖ್ಯ ಕಾರಣ, ಶೇ. 34ರಷ್ಟು ಪ್ರಕರಣಗಳಲ್ಲಿ, ಎಂದು ಅಲ್ಲಿನ ಅಗ್ನಿಶಾಮಕ ಆಡಳಿತ ಲೆಕ್ಕ ಕೊಟ್ಟಿದೆ. ಎಣ್ಣೆ ಹೀರಿದ ಬಟ್ಟೆಯದು ಇನ್ನೂ ಅಪಾಯ. ಅಡುಗೆಮನೆಯ ಮಸಿಬಟ್ಟೆ, ಎಣ್ಣೆಸ್ನಾನದ ಟವೆಲು ಒಗೆದ ಮೇಲೂ ಒಂದಿಷ್ಟು ಎಣ್ಣೆ ಉಳಿಸಿಕೊಂಡಿರುತ್ತವೆ. ಡ್ರೈಯರಿನಿಂದ ತೆಗೆದು ಬಿಸಿಬಿಸಿಯಾಗಿ ಒಟ್ಟಿದರೆ ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಒಳಗೊಳಗೇ ಕಾವೇರಿ, ಕಿಡಿ ತಾಗದೆಯೂ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಗೆ ಮಳೆಗಾಲದಲ್ಲೂ ಹಗ್ಗವೇ ಸರಿ, ಎರಡು ದಿನ ಹಿಡಿದರೂ ಹಿಡಿಯಲಿ.