ಹಿಮದ ಭಾರ, ಸೇಬಿನ ಮರ

ಹಿಮವನ್ನು ಸಿನಿಮಾದಲ್ಲಷ್ಟೇ ಕಂಡ ನಮ್ಮಲ್ಲಿ ಅನೇಕರು ಅದು ಹತ್ತಿಯಂತೆ ಹಗುರವೆಂದು ಭಾವಿಸುವುದುಂಟು. ಕಾಶ್ಮೀರದ ಸೇಬು ಬೆಳೆಗಾರರನ್ನು ಕೇಳಿದರೆ ಬೇರೆಯೇ ಉತ್ತರ ದೊರೆತೀತು. 2019ರ ನವೆಂಬರ್ ಮೊದಲ ವಾರದಲ್ಲಿ ಅಲ್ಲಿ ಬಿದ್ದ ಹಿಮಕ್ಕೆ ಸಾವಿರಾರು ಮರಗಳು ಮುರಿದವು. ವಿದ್ಯುತ್ ಕಡಿಯಿತು, ಜಮ್ಮು–ಶ್ರೀನಗರ ಹೆದ್ದಾರಿ ಮುಚ್ಚಿತು. 2018ರ ನವೆಂಬರಿನಲ್ಲೂ ತೋಟಗಳಿಗೆ ಇದೇ ಗತಿಯಾಗಿತ್ತು.

ಕಾರಣವೇನು? ಕಡುಚಳಿಯಲ್ಲಿ ಬೀಳುವ ಹಿಮ ಒಣಗಿರುತ್ತದೆ. ಅದರೊಳಗೆ ಹೆಚ್ಚಿನ ಪಾಲು ಗಾಳಿಯೇ. ಗಾಳಿ ಬೀಸಿದರೆ ಉದುರಿಯೂ ಹೋಗುತ್ತದೆ. ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಮಾತ್ರ ಹಿಮದ ಹರಳುಗಳು ಅರೆ ಕರಗಿ, ಒಂದಕ್ಕೊಂದು ಅಂಟಿ, ಕೊಂಬೆ ತಂತಿಗಳನ್ನು ಬಿಡದೆ ಹಿಡಿಯುತ್ತವೆ. ಹೊಸ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ಒದ್ದೆ ಹಿಮ 200 ಕಿಲೋ ಮೀರಬಹುದು. ಒಂದು ಚದರ ಮೀಟರ್ ಜಾಗದಲ್ಲಿ ಅದು 25 ಸೆಂಟಿಮೀಟರ್ ದಪ್ಪ ಕುಳಿತರೆ 50 ಕಿಲೋ. ಅಂದರೆ ದೊಡ್ಡದೊಂದು ಅಕ್ಕಿ ಮೂಟೆ!

ತೂಕದಷ್ಟೇ ಮುಖ್ಯವಾದುದು ಬಂದ ಹೊತ್ತು. ಕಣಿವೆಯ ಜನರು ‘ಚಿಲ್ಲೈ ಕಲಾನ್’ ಎನ್ನುವ ಕಡುಚಳಿಯ ನಲವತ್ತು ದಿನಗಳು ಡಿಸೆಂಬರ್ 21ಕ್ಕೆ ಮೊದಲಾಗುತ್ತವೆ. ಆ ವೇಳೆಗೆ ಮರಗಳು ಬೋಳಾಗಿರುತ್ತವೆ. ನವೆಂಬರಿನಲ್ಲಾದರೋ ಎಲೆಗಳಿನ್ನೂ ಉದುರಿರಲಿಲ್ಲ, ಕೆಲವೆಡೆ ಹಣ್ಣೂ ಇತ್ತು. ಒಂದೊಂದು ಎಲೆಯೂ ಹಿಮ ಹಿಡಿಯುವ ತಟ್ಟೆಯಾಯಿತು. ಭಾರ ತಾಳದೆ ಮರಗಳು ಕವಲಿನ ಬಳಿಯೇ ಸೀಳಿದವು.

ಹಣ್ಣು ಹೋದರೆ ಒಂದು ವರ್ಷದ ನಷ್ಟ. ಮರವೇ ಹೋದರೆ ಹೊಸ ಸಸಿ ಫಲಕ್ಕೆ ಬರುವವರೆಗೆ ಹಲವು ವರ್ಷ ಕಾಯಬೇಕು. ಸಾಲ, ಮಕ್ಕಳ ಶಾಲೆಯ ಖರ್ಚು ಕಾಯುವುದಿಲ್ಲ. ಸೀಳಿದ ಕೊಂಬೆಯನ್ನು ಹಗ್ಗ, ಬೋಲ್ಟುಗಳಿಂದ ಬಿಗಿದು ಉಳಿಸುವುದುಂಟು. ಅದಕ್ಕಿಂತ, ಹಿಮ ಬೀಳುತ್ತಿರುವಾಗಲೇ ಉದ್ದ ಕೋಲಿನಿಂದ ಕೊಂಬೆಗಳನ್ನು ಮೆಲ್ಲಗೆ ಅಲುಗಿಸಿ ಉದುರಿಸುವುದು ಮೇಲು, ನಡುರಾತ್ರಿಯಾದರೂ ಸರಿ.