ಕಡಲಾಮೆಯ ಶರೀರ ವೈಚಿತ್ರ್ಯ

ಐರೋಲಿ ಎಂದೊಡನೆ ನಮ್ಮವರಲ್ಲಿ ಅನೇಕರಿಗೆ ನೆನಪಾಗುವುದು ಕಾರಖಾನೆಗಳು, ಕಂಪ್ಯೂಟರ್ ಕಚೇರಿಗಳು ಮತ್ತು ಅವುಗಳ ಆಸುಪಾಸಿನಲ್ಲಿ ನಸುಕಿನಿಂದಲೇ ಉಗಿಯಾಡುವ ಇಡ್ಲಿ ಪಾತ್ರೆಗಳು. ಆದರೆ ಇದೇ ಐರೋಲಿಯ ಖಾಡಿಯಂಚಿನಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯವರ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವೊಂದು ಇರುವುದನ್ನು ಬಲ್ಲವರು ಕೆಲವರೇ. ಎದುರಿನ ಠಾಣೆ ಖಾಡಿಯು 2015ರಲ್ಲಿ ಫ್ಲೆಮಿಂಗೊ ಪಕ್ಷಿಗಳ ಅಭಯಧಾಮವೆಂದು ಘೋಷಿತವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿಯೂ ಸ್ಥಾನ ದೊರೆಯಿತು. ಪಕ್ಷಿಗಳನ್ನು ನೋಡಲು ಅಲ್ಲಿಗೆ ಜನ ಹೋಗುತ್ತಾರೆ. ಆದರೆ ಈ ಖಾಡಿಯ ನೀರು ಸೇರುವ ಅರಬ್ಬೀ ಸಮುದ್ರದಲ್ಲಿ ನಮ್ಮ ಆಸ್ಥೆಗೆ ಪಾತ್ರವಾಗಬೇಕಾದ ಇನ್ನೊಂದು ಜೀವಿಯುಂಟು. ಅದೇ ಕಡಲಾಮೆ. ಉಡುಪಿ, ಕುಂದಾಪುರ, ಹೊನ್ನಾವರ, ಕಾರವಾರಗಳ ಕಡೆಯಿಂದ ಬಂದ ನಮ್ಮ ವಾಚಕರಿಗೆ ಇದು ಊರಿನ ಕಡಲ ನೆಂಟನೇ ಸರಿ.

ಜಗತ್ತಿನಲ್ಲಿ ಕಡಲಾಮೆಗಳ ಏಳು ಜಾತಿಗಳಿವೆ. ಅವುಗಳಲ್ಲಿ ಐದು ಭಾರತದ ಸಮುದ್ರಗಳಲ್ಲಿ ಕಾಣಸಿಗುತ್ತವೆ. ನಮ್ಮ ಪಶ್ಚಿಮ ಕರಾವಳಿಯ ಮರಳಿನಲ್ಲಿ ಹೆಚ್ಚಾಗಿ ಮೊಟ್ಟೆಯಿಡುವುದು ಆಲಿವ್ ರಿಡ್ಲಿ ಎಂಬ ಜಾತಿ. ಬೆಳೆದ ಆಮೆಯ ಚಿಪ್ಪು ಎರಡು ಅಡಿಗಿಂತ ತುಸು ಹೆಚ್ಚು ಉದ್ದವಿರುತ್ತದೆ. ತೂಕ ಸಾಮಾನ್ಯವಾಗಿ 35ರಿಂದ 50 ಕಿಲೋ.

ಚಿಪ್ಪೆಂಬುದು ಅಂಗಿಯಲ್ಲ

ಆಮೆಯು ಚಿಪ್ಪಿನೊಳಗೆ ವಾಸಿಸುತ್ತದೆಂದೂ ಬೇಕಾದಾಗ ಅದರಿಂದ ಹೊರಬರಬಲ್ಲುದೆಂದೂ ಭಾವಿಸುವವರಿದ್ದಾರೆ. ಚಿಪ್ಪು ತೊಟ್ಟು ಕಳಚುವ ಅಂಗಿಯಲ್ಲ. ಅದು ಆಮೆಯ ಎಲುಬೇ. ಬೆನ್ನುಮೂಳೆಯೂ ಪಕ್ಕೆಲುಬುಗಳೂ ಅಗಲಗೊಂಡು, ಒಂದಕ್ಕೊಂದು ಬೆಸೆದುಕೊಂಡು ಮೇಲಿನ ಚಿಪ್ಪಾಗಿವೆ. ಅದರ ಮೇಲೆ ನಮ್ಮ ಉಗುರಿನಂತಹ ದ್ರವ್ಯದ ಹಲ್ಲೆಗಳು ಹೆಂಚು ಹೊದಿಸಿದಂತೆ ಕುಳಿತಿವೆ. ಎಲುಬಿಗೆ ಜೀವವಿರುವುದರಿಂದ ಚಿಪ್ಪಿಗೆ ಪೆಟ್ಟಾದರೆ ಆಮೆಗೆ ನೋವಾಗುತ್ತದೆ, ರಕ್ತವೂ ಸುರಿಯುತ್ತದೆ. ದೋಣಿಯ ಯಂತ್ರದ ಚಕ್ರ ತಗಲಿ ಒಡೆದ ಚಿಪ್ಪು ಮುರಿದ ಬೆನ್ನಿಗೆ ಸಮಾನ.

ಆಮೆ ತನ್ನ ಅಂಗಗಳನ್ನು ಒಳಗೆಳೆದುಕೊಳ್ಳುವಂತೆ ಇಂದ್ರಿಯಗಳನ್ನು ನಿಗ್ರಹಿಸಬೇಕೆಂದು ನಮ್ಮ ಹಿರಿಯರು ಉಪದೇಶಿಸಿದರು. ಅವರು ನೋಡಿದ್ದು ಕೆರೆಯ ಆಮೆಯನ್ನು. ಕಡಲಾಮೆಗೆ ಆ ಶಕ್ತಿಯಿಲ್ಲ. ನೀರನ್ನು ಸೀಳಿ ವೇಗವಾಗಿ ಸಾಗಲೆಂದು ಅದರ ಚಿಪ್ಪು ಚಪ್ಪಟೆಯಾಗಿದೆ. ತಲೆಯನ್ನೂ ಕಾಲುಗಳನ್ನೂ ಅಡಗಿಸಲು ಒಳಗೆ ಎಡೆಯಿಲ್ಲ. ಅದರ ಬೆರಳುಗಳ ಎಲುಬುಗಳು ಉದ್ದವಾಗಿ ಬೆಳೆದು ಒಂದೇ ಚರ್ಮದೊಳಗೆ ಸೇರಿ ರೆಕ್ಕೆಯಂತಾಗಿವೆ. ಮುಂದಿನ ಎರಡು ದೋಣಿಯ ಹುಟ್ಟುಗಳಾದರೆ, ಹಿಂದಿನ ಎರಡು ಚುಕ್ಕಾಣಿ. ಹೆಣ್ಣಾಮೆಗೆ ಮೊಟ್ಟೆಗುಳಿ ತೋಡುವ ಸಲಿಕೆಯೂ ಈ ಹಿಂಗಾಲುಗಳೇ. ಹರಿದ ಬಲೆಯ ದಾರ ಕಾಲಿಗೆ ಸುತ್ತಿಕೊಂಡು ಕೊಯ್ದುಹೋದರೆ ಆಮೆ ಹುಟ್ಟು ಕಳೆದುಕೊಂಡ ದೋಣಿಯಂತಾಗುತ್ತದೆ.

ಉಸಿರಾಟ ಮತ್ತು ಹೃದಯ

ಕಡಲಾಮೆ ಮೀನಲ್ಲ, ಅದಕ್ಕೆ ಕಿವಿರುಗಳಿಲ್ಲ. ನಮ್ಮ ಹಾಗೆ ಶ್ವಾಸಕೋಶದಿಂದಲೇ ಉಸಿರಾಡಬೇಕು. ಅದಕ್ಕಾಗಿ ಮೇಲಕ್ಕೆ ಬರಲೇಬೇಕು. ನಾವು ಉಸಿರೆಳೆದಾಗ ಪಕ್ಕೆಲುಬುಗಳು ಹಿಗ್ಗುತ್ತವೆ. ಆಮೆಯ ಪಕ್ಕೆಲುಬುಗಳಾದರೋ ಚಿಪ್ಪಿನಲ್ಲಿ ಬೆಸೆದುಹೋಗಿವೆ. ಆದುದರಿಂದ ಹೊಟ್ಟೆಯ ಮತ್ತು ಭುಜಗಳ ಸ್ನಾಯುಗಳೇ ತಿದಿಯೊತ್ತುವ ಕೆಲಸವನ್ನು ಮಾಡುತ್ತವೆ. ಶ್ವಾಸಕೋಶಗಳು ಬೆನ್ನ ಚಿಪ್ಪಿನ ಕೆಳಗೇ ಹರಡಿಕೊಂಡಿದ್ದು, ಉಸಿರಾಟದೊಡನೆ ದೇಹವನ್ನು ನೀರಿನಲ್ಲಿ ಸಮತೋಲವಾಗಿ ಇರಿಸುತ್ತವೆ. ಅವುಗಳಿಗೆ ಗಾಯವಾಗಿ ಗಾಳಿ ದೇಹದೊಳಗೆ ಸೋರಿದರೆ ಆಮೆ ಒಂದು ಬದಿಗೆ ವಾಲಿ ತೇಲುತ್ತಲೇ ಇರುತ್ತದೆ. ಮುಳುಗಿ ಆಹಾರ ಹುಡುಕಲಾರದೆ ಸೊರಗುತ್ತದೆ.

ಆಮೆಯ ಹೃದಯಕ್ಕೆ ಮೂರು ಕೋಣೆಗಳು: ಮೇಲೆ ಎರಡು, ಕೆಳಗೆ ಅರೆಗೋಡೆಯಿರುವ ಒಂದು. ಮುಳುಗಿದಾಗ ಈ ಹೃದಯ ತನ್ನ ಬಡಿತವನ್ನು ನಿಧಾನಗೊಳಿಸಿ ಪ್ರಾಣವಾಯುವನ್ನು ಮಿತವ್ಯಯದಿಂದ ಬಳಸುತ್ತದೆ. ಹೀಗಾಗಿ ವಿಶ್ರಾಂತಿಯಲ್ಲಿರುವ ಆಮೆ ಗಂಟೆಗಟ್ಟಲೆ ನೀರಿನಡಿ ಇರಬಲ್ಲುದು. ಆದರೆ ಟ್ರಾಲರಿನ ಬಲೆಯೊಳಗೆ ಸಿಕ್ಕಿ ಒದ್ದಾಡತೊಡಗಿದರೆ ಆ ಉಳಿತಾಯವೆಲ್ಲ ಬೇಗನೆ ಕರಗಿಹೋಗುತ್ತದೆ. ಸಮುದ್ರದಲ್ಲಿಯೇ ಬಾಳುವ ಪ್ರಾಣಿಯು ಸಮುದ್ರದಲ್ಲಿಯೇ ಮುಳುಗಿ ಸಾಯುವುದು ಹೀಗೆ.

ಉಪ್ಪು ಮತ್ತು ಊಟ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಸಾಂಬಾರಿಗೆ ಅಷ್ಟು ಉಪ್ಪು ಬಿದ್ದರೆ ಗಿರಾಕಿ ತಟ್ಟೆ ಬಿಟ್ಟು ಏಳುವುದು ಖಂಡಿತ! ಈ ನೀರಿನಲ್ಲಿಯೇ ಉಣ್ಣುವ ಕಡಲಾಮೆಯ ಮೂತ್ರಪಿಂಡಗಳಿಗೆ ಅಷ್ಟು ಉಪ್ಪನ್ನು ಹೊರಹಾಕುವ ಸಾಮರ್ಥ್ಯವಿಲ್ಲ. ಅದಕ್ಕಾಗಿ ಕಣ್ಣುಗಳ ಹಿಂದೆ ಎರಡು ದೊಡ್ಡ ಲವಣ ಗ್ರಂಥಿಗಳಿವೆ. ಅವು ಅದರ ಮಿದುಳಿಗಿಂತಲೂ ದೊಡ್ಡವು! ಅವುಗಳಿಂದ ಒಸರುವ ದ್ರವವು ಸಮುದ್ರದ ನೀರಿಗಿಂತ ಸುಮಾರು ಎರಡು ಪಟ್ಟು ಉಪ್ಪಾಗಿರುತ್ತದೆ. ಮೊಟ್ಟೆಯಿಡಲು ದಡಕ್ಕೆ ಬಂದ ಹೆಣ್ಣಾಮೆ ಅಳುತ್ತದೆಂದು ಜನ ಹೇಳುವುದುಂಟು. ಅದು ದುಃಖದ ಕಣ್ಣೀರಲ್ಲ; ದೇಹದ ಲೆಕ್ಕ ಸರಿದೂಗಿಸುವ ಕ್ರಿಯೆ.

ಕಡಲಾಮೆಗೆ ಹಲ್ಲುಗಳಿಲ್ಲ, ಗಿಣಿಯಂತಹ ಗಟ್ಟಿ ಕೊಕ್ಕಿದೆ. ಏಡಿ, ಸಿಗಡಿ, ಲೋಳೆಮೀನುಗಳು ಆಲಿವ್ ರಿಡ್ಲಿಯ ಆಹಾರ. ಅದರ ಅನ್ನನಾಳದ ಒಳಗೋಡೆಯ ತುಂಬ ಚೂಪಾದ ಮುಳ್ಳುಗಳು ಹೊಟ್ಟೆಯ ಕಡೆಗೆ ಮುಖಮಾಡಿ ನಿಂತಿವೆ. ನುಂಗಿದ ನೀರನ್ನು ಹೊರಚೆಲ್ಲುವಾಗ ಆಹಾರ ಜಾರಿಹೋಗದಂತೆ ಇವು ತಡೆಯುತ್ತವೆ. ಆದರೆ ಈ ಸೊಗಸಾದ ಏರ್ಪಾಡೇ ಇಂದು ಅದಕ್ಕೆ ಮೃತ್ಯುವಾಗಿದೆ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲ ಲೋಳೆಮೀನಿನಂತೆ ಕಾಣುತ್ತದೆ. ಒಮ್ಮೆ ನುಂಗಿದರೆ ಉಗುಳುವುದು ಬಹು ಕಷ್ಟ. ಮುಳ್ಳುಗಳು ಅದನ್ನು ಒಳಕ್ಕೇ ನೂಕುತ್ತವೆ. ಕರುಳು ಕಟ್ಟಿ, ಹೊಟ್ಟೆ ತುಂಬಿದಂತಿದ್ದೂ ಆಮೆ ಹಸಿವಿನಿಂದ ಸಾಯುತ್ತದೆ.

ಮರಳಿನ ಕಾವು, ತವರಿನ ದಾರಿ

ಹೆಣ್ಣಾಮೆಯು ರಾತ್ರಿಯ ವೇಳೆ ದಡಕ್ಕೆ ಬಂದು, ಒಂದೂವರೆ ಅಡಿಯಷ್ಟು ಆಳದ ಗುಳಿ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಹೊರಟುಹೋಗುತ್ತದೆ. ಕಾವು ಕೊಡುವುದು ಮರಳೇ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಅದೇ! ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ. ಮರಳು ತಂಪಾದಷ್ಟೂ ಗಂಡು ಹೆಚ್ಚು, ಬಿಸಿಯಾದಷ್ಟೂ ಹೆಣ್ಣು ಹೆಚ್ಚು. ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ ಗಂಡುಗಳೇ ವಿರಳವಾಗಬಹುದೆಂಬ ಭಯ ವಿಜ್ಞಾನಿಗಳಿಗಿದೆ. 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಬೆಳಕಿನತ್ತ ಓಡುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಸಮುದ್ರದ್ದು. ತೀರದ ಹೋಟೆಲು ದೀಪ ಹಚ್ಚಿದ್ದರೆ ಮರಿಗಳು ರಸ್ತೆಯ ಪಾಲು.

ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅರಿತು ಕಡಲಾಮೆಗಳು ದಿಕ್ಕು ಹಿಡಿಯುತ್ತವೆಂದು ಪ್ರಯೋಗಗಳು ತೋರಿಸಿವೆ. ಬಹುಪಾಲು ಹೆಣ್ಣಾಮೆಗಳು ತಾವು ಹುಟ್ಟಿದ ತೀರದ ಕಡೆಗೇ ಮರಳುತ್ತವೆ. ಆದರೆ 2021ರಲ್ಲಿ ಒಡಿಶಾದ ತೀರದಲ್ಲಿ 03233 ಎಂಬ ಸಂಖ್ಯೆಯ ಬಿಲ್ಲೆ ತೊಡಿಸಿದ ಆಮೆಯೊಂದು 2025ರ ಜನವರಿಯಲ್ಲಿ ರತ್ನಾಗಿರಿ ಜಿಲ್ಲೆಯ ಗುಹಾಗರಕ್ಕೆ ಮೊಟ್ಟೆಯಿಡಲು ಬಂದಿತು. ಅದಕ್ಕೂ ಮೊದಲು, 2023ರ ಫೆಬ್ರವರಿಯಲ್ಲಿ ಗುಹಾಗರದಲ್ಲಿ ಉಪಗ್ರಹ ಯಂತ್ರ ಹೊತ್ತ 'ಬಾಗೇಶ್ರೀ' ಎಂಬ ಆಮೆ ದಕ್ಷಿಣಕ್ಕೆ ಸಾಗಿ, ಶ್ರೀಲಂಕೆಯನ್ನು ಬಳಸಿ ಬಂಗಾಳ ಕೊಲ್ಲಿಯನ್ನು ಸೇರಿತ್ತು. ಊರಿನಲ್ಲೊಂದು ಮನೆ, ಮುಂಬಯಿಯಲ್ಲೊಂದು ಖೋಲಿ ಎಂದು ಎರಡು ನೆಲೆಗಳಲ್ಲಿ ಬಾಳುವ ನಮಗೆ ಈ ಆಮೆಗಳ ಸಂಚಾರ ಅರ್ಥವಾಗದಿರದು.

ನಮ್ಮ ಕೈಲಾಗುವುದು

ಕಡಲಾಮೆಗಳು ನಮ್ಮಿಂದ ದೂರವೇನೂ ಇಲ್ಲ. 2018ರ ಮಾರ್ಚಿನಲ್ಲಿ ವರ್ಸೋವಾದ ಮರಳಿನಿಂದಲೇ ಆಲಿವ್ ರಿಡ್ಲಿ ಮರಿಗಳು ಕಡಲಿಗಿಳಿದುವು. ಮಳೆಗಾಲದ ಅಬ್ಬರದಲ್ಲಿ ಗಾಯಗೊಂಡ ಆಮೆಗಳು ತೀರಕ್ಕೆ ಬಂದು ಬೀಳುವುದುಂಟು; ಪಾಲ್ಘರ್ ಜಿಲ್ಲೆಯ ಡಹಾಣುವಿನಲ್ಲಿ ಅವುಗಳಿಗೆ ಚಿಕಿತ್ಸಾ ಕೇಂದ್ರವಿದೆ. ಅಂತಹ ಆಮೆಯನ್ನು ಕಂಡರೆ ಕರುಣೆಯಿಂದಲೇ ಆದರೂ ನೀರಿಗೆ ನೂಕಬಾರದು. ದಣಿದ ಪ್ರಾಣಿ ಮುಳುಗೀತು. ಬೆನ್ನಡಿಯಾಗಿ ಮಗುಚಲೂಬಾರದು. ನೆರಳಿನಲ್ಲಿಟ್ಟು, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮೂಗಿನ ಹೊಳ್ಳೆಗಳನ್ನು ಮುಚ್ಚದೆ, ಅರಣ್ಯ ಇಲಾಖೆಗೆ ತಿಳಿಸಬೇಕು. ಬಲೆಯಲ್ಲಿ ಮುಳುಗಿ ನಿಶ್ಚಲವಾದ ಆಮೆಯ ಹಿಂಭಾಗವನ್ನು ಅರ್ಧ ಅಡಿಯಷ್ಟು ಎತ್ತಿಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ; ಸತ್ತಿತೆಂದು ತಿಳಿದದ್ದು ಎಷ್ಟೋ ವೇಳೆ ಚೇತರಿಸಿಕೊಳ್ಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಡಲಾಮೆಯನ್ನು ಕೊಲ್ಲುವುದೂ ಅದರ ಮೊಟ್ಟೆಯನ್ನು ತೆಗೆಯುವುದೂ ಅಪರಾಧ. ಬಲೆ ಕತ್ತರಿಸಿ ಆಮೆಯನ್ನು ಬಿಡುವ ಮೀನುಗಾರನಿಗೆ 25,000 ರೂಪಾಯಿಗಳವರೆಗೆ ಪರಿಹಾರ ಕೊಡುವ ಯೋಜನೆಯನ್ನು ಮಹಾರಾಷ್ಟ್ರ ಸರಕಾರವು 2018ರಲ್ಲಿ ಆರಂಭಿಸಿತು. ಪ್ಲಾಸ್ಟಿಕ್ ಚೀಲಗಳ ನಿಷೇಧ ಬಂದದ್ದೂ ಅದೇ ವರ್ಷ. ಆದರೆ ನಿಷೇಧವು ಕಾಗದದ ಮೇಲಿದ್ದು ಚೀಲ ಗಲ್ಲಾದ ಕೆಳಗಿದ್ದರೆ ಪ್ರಯೋಜನವೇನು? ಪಾರ್ಸೆಲ್ ಕಟ್ಟುವ ಮಾಣಿಯೂ, ಅದನ್ನು ಕೊಂಡೊಯ್ಯುವ ಕಾರಕೂನನೂ, ಚೀಲ ತರಿಸುವ ಮಾಲಕನೂ ಈ ವಿಷಯದಲ್ಲಿ ಸಮಾನ ಹೊಣೆಗಾರರು. ಐರೋಲಿಯ ಮೋರಿಗೆ ಬಿದ್ದ ಚೀಲ ಖಾಡಿಯನ್ನು ಸೇರುತ್ತದೆ, ಖಾಡಿಯಿಂದ ಕಡಲಿಗೆ ಇಳಿಯುತ್ತದೆ. ಅಲ್ಲಿ ಅದನ್ನು ನುಂಗುವ ಆಮೆ ನಮ್ಮ ಕುಂದಾಪುರದ ಕೋಡಿಯಲ್ಲಿ ಹುಟ್ಟಿದ್ದೇ ಇರಬಹುದು. ಗಿರಾಕಿಗಳು ಬಟ್ಟೆಯ ಚೀಲವನ್ನೋ ಡಬ್ಬಿಯನ್ನೋ ತಂದರೆ ಹೋಟೆಲಿಗೆ ಖರ್ಚು ಉಳಿಯುವುದು. ಕಡಲಲ್ಲಿ ಒಂದು ಜೀವವೂ ಉಳಿದೀತು.